ಕಳ್ಳ ಕನ್ನಡದಲ್ಲಿ ಕೇಳಿದ, ಕೊಟ್ಟೆ

ಚೆನ್ನೈನ ಮಾಧವರಂನಲ್ಲಿರುವ ನಮ್ಮ ಕಾಲೊನಿಯಲ್ಲಿ ಸೈಬರ್ ಸುರಕ್ಷತೆಯ ವಿಷಯ ನನ್ನಷ್ಟು ತಿಳಿದವರು ಇನ್ನೊಬ್ಬರಿಲ್ಲ ಎಂದು ಹೋದ ತಿಂಗಳವರೆಗೂ ಎಲ್ಲರೂ ನಂಬಿದ್ದರು. ಎಲ್ಲರೂ ಎಂದರೆ ಮುಖ್ಯವಾಗಿ ನಾನು. ಬೆಳಿಗ್ಗೆ ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕುವಾಗ ಜೊತೆಗೆ ಸಿಕ್ಕವರಿಗೆಲ್ಲ ಪಾಠ ಹೇಳುತ್ತಿದ್ದೆ. ಗೊತ್ತಿಲ್ಲದ ಲಿಂಕು ಒತ್ತಬೇಡಿ. ‘ಇಂದೇ ನಿಮ್ಮ ಕರೆಂಟು ಕಟ್ ಆಗುತ್ತದೆ’ ಎಂದು ಮೆಸೇಜು ಬಂದರೆ ಗಾಬರಿಯಾಗಬೇಡಿ. ಪೊಲೀಸ್ ಟೋಪಿ ಹಾಕಿಕೊಂಡವನು ವಿಡಿಯೋ ಕಾಲಿನಲ್ಲಿ ‘ನಿಮ್ಮನ್ನು ಅರೆಸ್ಟ್ ಮಾಡಿದ್ದೇನೆ’ ಎಂದರೆ ನಕ್ಕು ಫೋನಿಡಿ. ನನ್ನ ಜೊತೆ ನಡೆಯುವವರು ಎರಡನೇ ಸುತ್ತಿಗೇ ಮನೆಗೆ ಹೋಗಿಬಿಡುತ್ತಿದ್ದರು. ಕೇಳಿದ್ದನ್ನು ಕೂಡಲೇ ಜಾರಿಗೆ ತರುವ ಅವಸರ ಎಂದುಕೊಂಡಿದ್ದೆ.

ನನಗೆ ಈ ಅಧಿಕಾರ ಬಂದದ್ದು ರೈಲ್ವೆಯಿಂದ. ಮೂವತ್ತಾರು ವರ್ಷ ಸ್ಟೇಷನ್ ಮಾಸ್ಟರ್ ಆಗಿದ್ದವನು ನಾನು. ನಮ್ಮಲ್ಲಿ ಪ್ರೈವೇಟ್ ನಂಬರ್ ಎಂದು ಒಂದಿದೆ. ಗೇಟಿನವನು ‘ಗೇಟು ಮುಚ್ಚಿದೆ’ ಎಂದು ಫೋನಿನಲ್ಲಿ ಹೇಳಿದರೆ ಬರೀ ಮಾತನ್ನು ನಾವು ನಂಬುವುದಿಲ್ಲ. ಆ ಮಾತಿಗೆ ಸಾಕ್ಷಿಯಾಗಿ ಅವನು ತನ್ನ ಹಾಳೆಯಿಂದ ಒಂದು ಗುಟ್ಟಿನ ಅಂಕಿ ಕೊಡಬೇಕು. ಒಂದು ಅಂಕಿ ಒಂದೇ ಸಲಕ್ಕೆ, ಕೊಟ್ಟ ಮೇಲೆ ಗೀಟು ಹಾಕಿ ಹೊಡೆದುಬಿಡಬೇಕು. ಸ್ಟೇಷನ್ನಿನ ಹಾಳೆ ಸ್ಟೇಷನ್ ಮಾಸ್ಟರನ ಬೀಗದಲ್ಲಿರಬೇಕು. ಒಮ್ಮೆ ನನ್ನ ಮಾವನವರು ಸ್ಟೇಷನ್ನಿಗೆ ಬಂದವರು ‘ಅದೇನಪ್ಪ ಕಾಗದ?’ ಎಂದು ಇಣುಕಿದ್ದಕ್ಕೆ, ನಾನು ಎದ್ದು ಹಾಳೆಯನ್ನು ಡ್ರಾಯರಿಗೆ ಹಾಕಿ ಬೀಗ ಜಡಿದು ಬೀಗದಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡಿದ್ದೆ. ಮಾವನವರು ಆ ವರ್ಷ ದೀಪಾವಳಿಗೆ ನಮ್ಮನ್ನು ಕರೆಯಲಿಲ್ಲ.

ಇಂಥ ತರಬೇತಿ ಇದ್ದವನು ಪಾಸ್‌ವರ್ಡಿನ ವಿಷಯದಲ್ಲಿ ಉದಾಸೀನ ಮಾಡುತ್ತಾನೆಯೇ? ಬ್ಯಾಂಕು, ಇಮೇಲು, ಗ್ಯಾಸು, ಎಲ್ಲದರ ಪಾಸ್‌ವರ್ಡನ್ನೂ ಹಾಲಿನ ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪಕ್ಷರದಲ್ಲಿ, ಕನ್ನಡ ಲಿಪಿಯಲ್ಲಿ, ಕನ್ನಡ ಅಂಕಿಗಳಲ್ಲಿ ಬರೆದಿಟ್ಟಿದ್ದೆ. ಚೆನ್ನೈನಲ್ಲಿ ಕನ್ನಡ ಓದುವವರು ಯಾರಿದ್ದಾರೆ? ಬೇರೆಯವರು ಕಬ್ಬಿಣದ ಪೆಟ್ಟಿಗೆ ಇಟ್ಟುಕೊಳ್ಳುತ್ತಾರೆ, ನಮಗೆ ಮಾತೃಭಾಷೆಯೇ ಪೆಟ್ಟಿಗೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ.

ನನ್ನ ಹೆಂಡತಿ ಸುಮಿತ್ರಳಿಗೆ ಈ ಹೆಮ್ಮೆಯಲ್ಲಿ ಪಾಲಿರಲಿಲ್ಲ. ಅವಳದು ಬೇರೆ ಹುಚ್ಚು. ಒಂಬತ್ತು ವರ್ಷದಿಂದ ಪ್ರತಿ ಭಾನುವಾರ ನಮ್ಮ ಹಾಲಿನಲ್ಲಿ ಚಾಪೆ ಹಾಸಿ ಕಾಲೊನಿಯ ಕನ್ನಡದ ಮಕ್ಕಳಿಗೆ ಅಕ್ಷರ ಕಲಿಸುತ್ತಾಳೆ. ಈಗ ಹದಿನಾಲ್ಕು ಮಕ್ಕಳು. ಅಕ್ಷರವೇನೋ ಬರುತ್ತದೆ, ಮಾತು ಮಾತ್ರ ಬರುವುದಿಲ್ಲ. ‘ಊಟ ಆಯ್ತಾ ಪುಟ್ಟಾ?’ ಎಂದು ಕನ್ನಡದಲ್ಲಿ ಕೇಳಿದರೆ ‘ಸಾಪ್ಟೇನ್ ಪಾಟಿ’ ಎಂದು ತಮಿಳಿನಲ್ಲಿ ಉತ್ತರ ಬರುತ್ತದೆ. ಅವರಲ್ಲಿ ಕಯಲ್ ಎಂಬ ಎಂಟು ವರ್ಷದ ಹುಡುಗಿಯದು ಒಂದು ಕೈ ಮೇಲು. ತಾಯಿ ತುಮಕೂರಿನವಳು, ತಂದೆ ಸೆಂದಿಲ್ ತಮಿಳಿನವನು, ಪೆರುಂಗುಡಿಯ ಐಟಿ ಕಂಪನಿಯಲ್ಲಿ ದೊಡ್ಡ ಕೆಲಸ. ಮೂರು ವರ್ಷದಿಂದ ತಪ್ಪದೆ ಬರುವ ಹುಡುಗಿ ಒಂದೇ ಒಂದು ಕನ್ನಡ ವಾಕ್ಯ ಆಡಿದ್ದಿಲ್ಲ.

"ಆ ಮಗು ಬಾಯಲ್ಲಿ ಒಂದು ಕನ್ನಡದ ಮಾತು ಕೇಳಿದ್ರೆ ನನ್ನ ಜನ್ಮ ಸಾರ್ಥಕ ಕಣ್ರೀ," ಎನ್ನುತ್ತಿದ್ದಳು ಸುಮಿತ್ರ.

ಒಂಬತ್ತು ವರ್ಷ ತುಂಬಿದ್ದಕ್ಕೆ ಹೋದ ತಿಂಗಳ ಒಂದು ಭಾನುವಾರ ಮನೆಯಲ್ಲೇ ಒಂದು ಸಣ್ಣ ಕಾರ್ಯಕ್ರಮ ಇಟ್ಟುಕೊಂಡಿದ್ದೆವು. ತರಗತಿಯ ವಾಟ್ಸಾಪ್ ಗುಂಪು ಇದ್ದದ್ದು ನನ್ನ ಫೋನಿನಲ್ಲಿ, ಏಕೆಂದರೆ ಸುಮಿತ್ರಳದು ಬಟನ್ ಫೋನು. ತಾಂತ್ರಿಕ ವಿಭಾಗದ ಮುಖ್ಯಸ್ಥನಾಗಿ ನಾನೊಂದು ಕರಪತ್ರ ತಯಾರಿಸಿದೆ. ಅದರಲ್ಲಿ ಅವಳ ಹೆಸರಿನ ಎರಡರಷ್ಟು ದೊಡ್ಡದಾಗಿ ನನ್ನ ಹೆಸರು, ನನ್ನ ಫೋನ್ ನಂಬರು, ಮನೆಯ ವಿಳಾಸ, ‘ನಿವೃತ್ತ ಸ್ಟೇಷನ್ ಮಾಸ್ಟರ್’ ಎಂಬ ಬಿರುದು ಎಲ್ಲ ಹಾಕಿ, ಲೋಕವೇ ನೋಡಲಿ ಎಂದು ಫೇಸ್‌ಬುಕ್ಕಿನಲ್ಲಿ ತೂಗುಬಿಟ್ಟೆ. ಲೋಕ ನೋಡಿತು.

ಕಾರ್ಯಕ್ರಮಕ್ಕೆ ಮೂರು ದಿನ ಮುಂಚೆ, ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆ. ಸುಮಿತ್ರ ತರಕಾರಿಗೆ ಹೋಗಿದ್ದಳು. ಫೋನು ಬಂತು.

"ನಮಸ್ಕಾರ ರಾಯರೇ. ಚೆನ್ನಾಗಿದ್ದೀರಾ? ಕಾಫಿ ಆಯ್ತಾ?"

ಕನ್ನಡ! ಅದೂ ‘ರಾಯರೇ’! ಹಿಂದಿಯಲ್ಲಿ ಬಂದ ಕಳ್ಳರ ಫೋನನ್ನು ನಾನು ಹತ್ತು ಸಲ ಕಟ್ ಮಾಡಿದ್ದೇನೆ. ಇಂಗ್ಲಿಷಿನವನಿಗೆ ಗ್ರಾಮರ್ ತಿದ್ದಿ ಕಳಿಸಿದ್ದೇನೆ. ಆದರೆ ನಲವತ್ತು ವರ್ಷದಿಂದ ಚೆನ್ನೈನಲ್ಲಿ ಬರೀ ‘ಸಾರ್’ ಆಗಿದ್ದವನನ್ನು ಯಾರೋ ಒಬ್ಬ ‘ರಾಯರೇ’ ಎಂದು ಕರೆದು ಕಾಫಿ ವಿಚಾರಿಸಿದರೆ ಕರುಳು ಕರಗದೆ ಇರುತ್ತದೆಯೇ? ನಾನು ಕುರ್ಚಿ ಎಳೆದುಕೊಂಡು ಕೂತೆ.

"ಆಯ್ತಪ್ಪ, ನಿಮ್ಮದು?"

"ನಮ್ದೂ ಆಯ್ತು. ರಾಯರೇ, ಹೊರನಾಡಲ್ಲಿ ಕನ್ನಡ ಕಲಿಸೋರ ಒಂದು ಪಟ್ಟಿ ಮಾಡ್ತಿದ್ದೀವಿ. ನಿಮ್ಮ ಮನೆಯವರ ಕೆಲಸ ನೋಡಿ ಕಣ್ಣಲ್ಲಿ ನೀರು ಬಂತು ಸಾರ್. ಅವರಿಗೆ ಒಂದು ಸನ್ಮಾನ ಮಾಡ್ಬೇಕು ಅಂತ ಇದ್ದೀವಿ."

ನನ್ನ ಕಣ್ಣಲ್ಲೂ ಬಂತು. ಸುಮಿತ್ರಳಿಗೆ ಸನ್ಮಾನ, ಶಾಲು, ಹಣ್ಣಿನ ತಟ್ಟೆ, ಪಕ್ಕದ ಕುರ್ಚಿಯಲ್ಲಿ ನಾನು. ಅವನು ಮುಂದುವರಿಸಿದ, "ಹೆಸರು ಸೇರಿಸೋಕೆ ನಿಮ್ಮ ಫೋನಿಗೆ ಆರು ಅಂಕಿ ಬರುತ್ತೆ. ಸ್ವಲ್ಪ ಓದಿ ಹೇಳಿಬಿಡಿ."

ಬಂತು. ನಾನು ಕಣ್ಣು ಮುಚ್ಚಿಕೊಂಡು ಹೇಳಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದೆ. ಓದಿ, ವಿಚಾರಣೆಯನ್ನೂ ಮಾಡಿದೆ.

"ಇಲ್ಲಿ ಇದನ್ನ ಯಾರಿಗೂ ಹೇಳಬೇಡಿ ಅಂತ ಹಾಕಿದ್ದಾರಲ್ಲಪ್ಪ?"

"ಅದು ಹೊರಗಿನವರಿಗೆ ರಾಯರೇ. ನಾವು ನಮ್ಮವರಲ್ವಾ?"

ನ್ಯಾಯವಾದ ಮಾತು. ಆರು ಅಂಕಿಯನ್ನೂ ಸ್ಪಷ್ಟವಾದ ಕನ್ನಡದಲ್ಲಿ, ಸ್ಟೇಷನ್ ಮಾಸ್ಟರನ ಗತ್ತಿನಲ್ಲಿ, ಎರಡೆರಡು ಸಲ ಹೇಳಿದೆ. ಎರಡನೇ ಸಲ ಅವನು ಕೇಳಿರಲಿಲ್ಲ, ಅದು ನನ್ನ ಸೇವಾ ಮನೋಭಾವ.

ಫೋನಿಟ್ಟ ಎರಡು ನಿಮಿಷಕ್ಕೆ ವಾಟ್ಸಾಪ್ ನನ್ನನ್ನು ಹೊರಗೆ ಹಾಕಿತು. ನೆಟ್‌ವರ್ಕ್ ದೋಷ ಎಂದು ತೀರ್ಮಾನಿಸಿದೆ. ಫೋನನ್ನು ಆರಿಸಿ ಹಚ್ಚಿದೆ. ಸಿಮ್ ಕಾರ್ಡು ತೆಗೆದು ಪಂಚೆಯ ಅಂಚಿನಿಂದ ಒರೆಸಿ, ತಿರುಗಾಮುರುಗಾ ಹಾಕಿದೆ. ಈಗ ಫೋನು ಕೂಡ ಇಲ್ಲವಾಯಿತು. ಅದನ್ನು ಸರಿ ಮಾಡುವಷ್ಟರಲ್ಲಿ ಸುಮಿತ್ರ ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಕಿವಿಗೆ ಹಿಡಿದ ಬಟನ್ ಫೋನು, ಹೀಗೆ ಒಳಗೆ ಬಂದಳು. ಆ ಕಡೆ ಇದ್ದವನು ಕಯಲ್‌ಳ ಅಪ್ಪ ಸೆಂದಿಲ್. ಹೆಂಡತಿಯಿಂದ ಕಲಿತ ಅವನ ಕನ್ನಡ ನನಗೂ ಕೇಳುವಷ್ಟು ಜೋರಾಗಿತ್ತು.

"ಆಂಟಿ, ಅಂಕಲ್ ಗ್ರೂಪ್‌ನಲ್ಲಿ ಇನ್ವಿಟೇಷನ್ ಅನುಪ್ಪಿದ್ರಲ್ಲ, ನಾನು ಓಪನ್ ಪಣ್ಣಿದೆ ಆಂಟಿ. ಫೋನ್ ತಾನೇ ಏನೇನೋ ಮಾಡ್ತಿದೆ. ಅದು ಫೋಟೋ ಇಲ್ಲ, ಯಾವುದೋ ಆ್ಯಪ್."

"ನಮ್ಮನೆಯವರು ಏನೂ ಕಳಿಸಿಲ್ವಲ್ಲ ಸೆಂದಿಲ್," ಎಂದು ಸುಮಿತ್ರ ನನ್ನ ಮುಖ ನೋಡಿದಳು. ನಾನು ಕ್ಯಾಲೆಂಡರಿನ ಮುಖ ನೋಡಿದೆ.

ನಡೆದದ್ದನ್ನು ಹೇಳಿದೆ. ಸನ್ಮಾನದ ಭಾಗವನ್ನು ಸ್ವಲ್ಪ ವಿಸ್ತಾರವಾಗಿ, ಅಂಕಿಯ ಭಾಗವನ್ನು ಸಂಕ್ಷಿಪ್ತವಾಗಿ. ಅವಳು ಚೀಲ ಕೆಳಗಿಟ್ಟಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಮ್ಮಪ್ಪಂಗೆ ತೋರಿಸ್ದೆ ಡ್ರಾಯರಿಗೆ ಬೀಗ ಹಾಕಿದ್ರಲ್ಲ," ಎಂದಳು ನಿಧಾನವಾಗಿ. "ಒಂದೇ ಸಲ ಉಪಯೋಗಿಸೋ ಅಂಕಿ, ಇನ್ನೊಬ್ಬರಿಗೆ ಹೇಳಬಾರದ ಅಂಕಿ. ಅದೇ ಅಲ್ವೇನ್ರೀ ಇದು?"

ಅದೇ. ಅಕ್ಷರಶಃ ಅದೇ. ಗೇಟು ಮುಚ್ಚಿದೆ ಎಂದು ಯಾವನೋ ಅಪರಿಚಿತನಿಗೆ ಪ್ರೈವೇಟ್ ನಂಬರ್ ಕೊಟ್ಟು, ಗೇಟು ಪೂರ್ತಿ ತೆರೆದಿಟ್ಟು, ಹಸಿರು ಬಾವುಟ ಹಿಡಿದು ನಿಂತಿದ್ದೆ. ಮೂವತ್ತಾರು ವರ್ಷದ ಸರ್ವಿಸು ಅರ್ಧ ಲೋಟ ಕಾಫಿಯ ವಿಚಾರಣೆಗೆ ಹೋಗಿತ್ತು. ನಿಜವಾಗಿ ಹೇಳುತ್ತೇನೆ, ನನಗೆ ಆಗ ಅಳು ಬಂತು.

ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ನನ್ನ ವಿಷಯದಲ್ಲಿ ಅದೂ ಸ್ವಲ್ಪ ತಡವಾಯಿತು. ಸಹಾಯಕ್ಕೆಂದು ಇಂಟರ್ನೆಟ್ಟಿನಲ್ಲಿ ಹುಡುಕಿ, ಮೊದಲು ಕಂಡ ‘ಕಸ್ಟಮರ್ ಕೇರ್’ ನಂಬರಿಗೆ ಫೋನು ಮಾಡಿದೆ. ಬಹಳ ವಿನಯದ ಮನುಷ್ಯ. "ಒಂದು ಸಣ್ಣ ಆ್ಯಪ್ ಹಾಕಿಕೊಳ್ಳಿ ಸಾರ್, ನಿಮ್ಮ ಸ್ಕ್ರೀನು ನಾನು ಇಲ್ಲಿಂದಲೇ ನೋಡಿ ಸರಿ ಮಾಡುತ್ತೇನೆ" ಎಂದು ತಮಿಳಿನಲ್ಲಿ ಹೇಳಿದ. ನಾನು ‘ಅನುಮತಿಸು’ ಎಂಬ ಗುಂಡಿಯ ಮೇಲೆ ಬೆರಳಿಟ್ಟಿದ್ದಾಗ ಸುಮಿತ್ರ ಬಂದು ಫೋನು ಕಿತ್ತುಕೊಂಡಳು.

"ಇವನ್ಯಾರು?"

"ಕಂಪನಿಯವನು."

"ಕಂಪನಿಯವನು ಅಂತ ಯಾರು ಹೇಳಿದ್ದು?"

"ಅವನೇ."

ಅವಳು ಫೋನು ಕಟ್ ಮಾಡಿದಳು. ಒಂದೇ ದಿನ ಇಬ್ಬರು ಕಳ್ಳರು. ಒಬ್ಬ ತಾನಾಗಿ ಬಂದ, ಇನ್ನೊಬ್ಬನನ್ನು ನಾನೇ ಹುಡುಕಿ ಕರೆದೆ.

ಅಲ್ಲಿಂದ ಮುಂದೆ ಕಾರ್ಯಾಚರಣೆ ಸುಮಿತ್ರಳ ಕೈಗೆ ಹೋಯಿತು. ಅವಳ ಬಳಿ ಒಂದು ಹಾಜರಿ ಪುಸ್ತಕ ಇತ್ತು. ಹದಿನಾಲ್ಕು ಮಕ್ಕಳ ಹೆಸರು, ಮನೆಯ ಫೋನ್ ನಂಬರು, ಎಲ್ಲ ಪೆನ್ಸಿಲ್ಲಿನಲ್ಲಿ. ‘ಈ ಕಾಲದಲ್ಲಿ ಯಾರೇ ಪುಸ್ತಕದಲ್ಲಿ ನಂಬರ್ ಬರೀತಾರೆ’ ಎಂದು ನಾನು ಎಷ್ಟು ಸಲ ನಕ್ಕಿದ್ದೆನೋ. ಅವಳು ಬಟನ್ ಫೋನು ಹಿಡಿದು ಒಬ್ಬೊಬ್ಬರಿಗೇ ಹೇಳುತ್ತಾ ಹೋದಳು: "ಅದನ್ನ ಒತ್ತಬೇಡಮ್ಮ, ಅದು ಇವರು ಕಳಿಸಿದ್ದಲ್ಲ. ಹೌದು, ಅಂಕಿ ಕೊಟ್ಟುಬಿಟ್ಟರು. ಹೌದು, ಇವರೇ." ಆ ‘ಇವರೇ’ಯನ್ನು ಹದಿನಾಲ್ಕು ಸಲ ಕೇಳಿಸಿಕೊಂಡು ಕೂತಿದ್ದೆ. ನಡುನಡುವೆ ಅವಳು ಹೇಳಿದಂತೆ ಸೈಬರ್ ಪೊಲೀಸರ ಸಹಾಯವಾಣಿಗೆ ದೂರು ಕೊಟ್ಟೆ. ಅಲ್ಲಿದ್ದ ಹೆಣ್ಣುಮಗಳು ತಾಳ್ಮೆಯಿಂದ ಎಲ್ಲ ಬರೆದುಕೊಂಡು, ವಾಟ್ಸಾಪಿಗೆ ಮತ್ತೆ ನಿಮ್ಮ ನಂಬರು ಹಾಕಿ ಒಳಗೆ ಹೋಗಿ, ಆಗ ಅವನು ಹೊರಗೆ ಬೀಳುತ್ತಾನೆ ಎಂದಳು. ಬಿದ್ದ. ಆದರೆ ಬೀಳುವ ಮುಂಚೆ ಅವನು ಒಳಗಿನಿಂದ ಇನ್ನೊಂದು ಪಿನ್ ಹಾಕಿ ಹೋಗಿದ್ದ. ಅದು ನಮಗೆ ಗೊತ್ತಿಲ್ಲದ್ದರಿಂದ ಏಳು ದಿನ ಕಾಯಬೇಕಂತೆ. ಆ ಎರಡನೆಯ ಬೀಗವನ್ನು ಮೊದಲೇ ನಾನು ಹಾಕಿಕೊಂಡಿದ್ದರೆ, ಆರು ಅಂಕಿ ಸಿಕ್ಕರೂ ಕಳ್ಳ ಹೊರಗೇ ನಿಂತಿರುತ್ತಿದ್ದ. ಪಾರ್ಕಿನಲ್ಲಿ ಈ ವಿಷಯ ನಾನೇ ಎಷ್ಟು ಜನಕ್ಕೆ ಹೇಳಿದ್ದೆನೋ ಲೆಕ್ಕವಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಸಂಜೆಯ ಹೊತ್ತಿಗೆ ಸೆಂದಿಲ್‌ನ ಫೋನು ಮತ್ತೆ ಬಂತು. ಅವನ ಫೋನಿನಲ್ಲಿದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ಶುರು ಮಾಡಬೇಕಾಯಿತಂತೆ. ಮಗಳ ಫೋಟೋಗಳಿಗೆ ಬೇರೆ ಕಡೆ ಇನ್ನೊಂದು ಪ್ರತಿ ಇದ್ದದ್ದು ಪುಣ್ಯ. "ಆಂಟಿ, ಈ ಸಂಡೇ ಕಯಲ್ ಬರಲ್ಲ. ಸಾರಿ," ಎಂದು ಇಟ್ಟುಬಿಟ್ಟ. ಇನ್ನೂ ಮೂರು ಮನೆಯವರು ಹೀಗೇ ಹೇಳಿದರು. ಸುಮಿತ್ರ ಹಾಜರಿ ಪುಸ್ತಕ ಮುಚ್ಚಿ ಅಡುಗೆಮನೆಗೆ ಹೋದಳು.

"ಭಾನುವಾರ ಯಾರಾದ್ರೂ ಬರ್ತಾರೇನ್ರೀ?" ಎಂದು ಅಲ್ಲಿಂದಲೇ ಕೇಳಿದಳು.

ಒಂಬತ್ತು ವರ್ಷದಲ್ಲಿ ಅವಳು ಹಾಗೆ ಕೇಳಿದ್ದು ಅದೇ ಮೊದಲು.

ಶುಕ್ರವಾರ ಪ್ರಾಯಶ್ಚಿತ್ತಕ್ಕೆ ಕೂತೆ. ಎಲ್ಲ ಪಾಸ್‌ವರ್ಡೂ ಬದಲಾಯಿಸಿದೆ. ಇದುವರೆಗೆ ಎಲ್ಲದಕ್ಕೂ ಒಂದೇ ಇತ್ತು, ಹೆಂಡತಿಯ ಹೆಸರು ಮತ್ತು ಮದುವೆಯ ವರ್ಷ. ಒಂದು ಬೀಗದಕೈ ಕಳೆದರೆ ಇಡೀ ಮನೆ ತೆರೆದಂತೆ. ಈಗ ಒಂದೊಂದಕ್ಕೂ ಒಂದೊಂದು, ಯಾರೂ ಊಹಿಸಲಾರದಷ್ಟು ಉದ್ದ. ಬರೆದು ಮುಗಿಸಿ ಕ್ಯಾಲೆಂಡರನ್ನು ಮೊಳೆಗೆ ಸಿಕ್ಕಿಸುವಾಗ ಗ್ಯಾಸ್ ಸಿಲಿಂಡರಿನ ಮುನಿರಾಜು ಬಂದ. ಆರು ವರ್ಷದಿಂದ ಬರುವವನು. ಸಿಲಿಂಡರು ಇಳಿಸಿ, ಬೆವರು ಒರೆಸಿಕೊಳ್ಳುತ್ತಾ ಗೋಡೆ ನೋಡಿದ.

"ಸಾರ್, ‘ಕಾಫಿಪುಡಿಡಬ್ಬಕಂಡಿಲ್ಲ೭೭’ ಅಂದ್ರೆ ಏನು ಸಾರ್?"

ನನ್ನ ಕೈಯಿಂದ ಪೆನ್ನು ಬಿತ್ತು.

"ನಿನಗೆ ಕನ್ನಡ ಓದೋಕೆ ಬರುತ್ತೇನಯ್ಯ?"

"ನಮ್ದು ಹೊಸೂರು ಪಕ್ಕ ಹಳ್ಳಿ ಸಾರ್. ಏಳನೇ ಕ್ಲಾಸ್ ತನಕ ಕನ್ನಡ ಮೀಡಿಯಂ. ಆರು ವರ್ಷದಿಂದ ನಿಮ್ಮನೆ ಕ್ಯಾಲೆಂಡ್ರು ಓದ್ತಾನೇ ಇದ್ದೀನಿ. ಅಮ್ಮಾವ್ರ ಹೆಸ್ರು ಬರ್ದಿದ್ರಲ್ಲ, ಅದೇ ಚೆನ್ನಾಗಿತ್ತು."

"ಮತ್ತೆ ಒಂದು ದಿನಾನೂ ಕನ್ನಡದಲ್ಲಿ ಮಾತಾಡ್ಲಿಲ್ಲವಲ್ಲೋ?"

"ನೀವೇ ಯಾವಾಗ್ಲೂ ತಮಿಳಲ್ಲಿ ಬೈತಿದ್ರಿ ಸಾರ್."

ನಾನು ಕನ್ನಡದ ಒಂದು ಮಾತಿಗಾಗಿ ಹಂಬಲಿಸುತ್ತಿದ್ದ ಆರು ವರ್ಷವೂ ಕನ್ನಡ ನನ್ನ ಮನೆ ಬಾಗಿಲಿಗೆ ತಿಂಗಳಿಗೊಮ್ಮೆ ಸಿಲಿಂಡರು ಹೊತ್ತು ಬರುತ್ತಿತ್ತು. ಅವನನ್ನು ಒಮ್ಮೆಯೂ ಕಾಫಿ ಆಯಿತೇ ಎಂದು ಕೇಳದವನು ಕಳ್ಳನಿಗೆ ಕುರ್ಚಿ ಎಳೆದುಕೊಂಡು ಕೂತು ಉತ್ತರ ಕೊಟ್ಟಿದ್ದೆ. ಮುನಿರಾಜನನ್ನು ಕೂರಿಸಿ ಕಾಫಿ ಕೊಟ್ಟೆ. ಅವನು ಹೋದ ಮೇಲೆ ಕ್ಯಾಲೆಂಡರಿನ ಹಾಳೆ ಹರಿದು, ಪಾಸ್‌ವರ್ಡುಗಳನ್ನು ಎರಡನೇ ಸಲ ಬದಲಾಯಿಸಿ, ಪಟ್ಟಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಫೋನಿನ ಬೀಗದ ನಂಬರನ್ನು ಮಾತ್ರ ಎಲ್ಲೂ ಬರೆಯದೆ ತಲೆಯಲ್ಲಿಟ್ಟುಕೊಂಡೆ.

ಶನಿವಾರ ಸೆಂದಿಲ್‌ನ ಮನೆಗೆ ಹೋದೆ. ಕ್ಷಮಾಪಣೆಯನ್ನು ಇಂಗ್ಲಿಷಿನಲ್ಲಿ ಬರೆದು ಕಂಠಪಾಠ ಮಾಡಿದ್ದೆ. ಬಾಗಿಲಲ್ಲೇ ಎಲ್ಲ ಮರೆತು "ತಪ್ಪಾಯ್ತಪ್ಪ" ಎಂದೆ.

ಅವನು ಬಾಗಿಲಲ್ಲಿ ನಿಂತವನು ತಲೆ ಕೆರೆದುಕೊಂಡ. "ಅಂಕಲ್, ನಮ್ಮ ಆಫೀಸ್‌ನಲ್ಲಿ ವರ್ಷ ವರ್ಷ ಇದಕ್ಕೇ ಟ್ರೈನಿಂಗ್ ಕೊಡ್ತಾರೆ. ನಾನು ಅದರಲ್ಲಿ ಫುಲ್ ಮಾರ್ಕ್. ಆದ್ರೂ ನಿಮ್ಮ ಹೆಸರು ನೋಡಿ ಒತ್ತಿಬಿಟ್ಟೆ. ಅದಕ್ಕೆ ನಾಚಿಕೆ ಆಯ್ತು, ಆ ಕೋಪ ಆಂಟಿ ಮೇಲೆ ಹಾಕಿದೆ." ಆಮೇಲೆ, "ಒಂದು ಮಾಡಿ. ನಾಳೆ ಎಲ್ಲರ ಎದುರು ನೀವೇ ಹೇಳಿ, ಹೆಂಗೆ ಏಮಾಂದು ಹೋದಿರಿ ಅಂತ. ಆಗ ಎಲ್ಲರೂ ಬರ್ತಾರೆ, ನಾನು ಫೋನ್ ಪಣ್ಣುತ್ತೇನೆ," ಎಂದ.

ಮೋಸಹೋದ ಕಥೆ ಕೇಳಲು ಜನ ಬರುತ್ತಾರೆಯೇ? ಭಾನುವಾರ ಹತ್ತು ಗಂಟೆಗೆ ನಮ್ಮ ಮನೆಯ ಮುಂದೆ ಚಪ್ಪಲಿಗೆ ಜಾಗವಿರಲಿಲ್ಲ. ಹದಿನಾಲ್ಕು ಮಕ್ಕಳೂ ಬಂದಿದ್ದರು, ಅಪ್ಪ ಅಮ್ಮಂದಿರ ಸಮೇತ. ಮುನಿರಾಜು ತಲೆಗೆ ಎಣ್ಣೆ ಹಚ್ಚಿ ಬಾಚಿ, ಮಗಳ ಕೈ ಹಿಡಿದುಕೊಂಡು ಬಂದ. "ಇವಳ್ನೂ ಸೇರಿಸ್ಕೊಳ್ಳಿ ಅಮ್ಮಾ, ಅಜ್ಜಿ ಹತ್ರ ಮಾತಾಡೋಕೆ ಬರಲ್ಲ ಇವಳಿಗೆ," ಎಂದ. ಸುಮಿತ್ರ ಹಾಜರಿ ಪುಸ್ತಕ ತೆರೆದು ಹದಿನೈದನೇ ಹೆಸರು ಬರೆದಳು.

ನಾನು ಎದ್ದು ನಿಂತೆ. ಏನೂ ಮುಚ್ಚಿಡದೆ, ಮಕ್ಕಳಿಗೆ ಅರ್ಥವಾಗುವ ಕನ್ನಡದಲ್ಲಿ ಹೇಳಿದೆ. ರೈಲ್ವೆ ಗೇಟು, ಪ್ರೈವೇಟ್ ನಂಬರು, ಮಾವನ ಡ್ರಾಯರು, ‘ರಾಯರೇ’ ಎಂದ ಕಳ್ಳ, ನಾನೇ ಕರೆದ ಎರಡನೇ ಕಳ್ಳ, ಕಾಫಿಪುಡಿ ಡಬ್ಬ. ಮಕ್ಕಳು ಚಾಪೆಯ ಮೇಲೆ ಉರುಳಾಡಿ ನಕ್ಕರು. ನಗಲಿ ಎಂದುಕೊಂಡೆ. "ಕಳ್ಳ ಯಾವ ಭಾಷೆಯಲ್ಲಿ ಬೇಕಾದ್ರೂ ಬರ್ತಾನೆ. ಹೆದರಿಸ್ತಾನೆ, ಇಲ್ಲಾ ಹೊಗಳ್ತಾನೆ. ಏನೇ ಮಾಡಲಿ, ಗುಟ್ಟಿನ ನಂಬರು ಯಾರಿಗೂ ಹೇಳಬಾರದು. ನೆಂಟರಿಗೂ ಹೇಳಬಾರದು. ಗೊತ್ತಾಯ್ತಾ?" ಎಂದು ಗಂಭೀರವಾಗಿ ಮುಗಿಸಿದೆ. ಚಪ್ಪಾಳೆ ಬಿತ್ತು. ಹೋದ ಮಾನ ಅರ್ಧದಷ್ಟು ಮರಳಿ ಬಂದಂತಾಯಿತು.

ಆಗ ಚಾಪೆಯ ತುದಿಯಿಂದ ಒಂದು ಕೈ ಮೇಲೆದ್ದಿತು. ಕಯಲ್. ಎದ್ದು ನಿಂತಳು, ಲಂಗ ಸರಿ ಮಾಡಿಕೊಂಡಳು.

"ತಾತ," ಎಂದಳು, ಒಂದೊಂದೇ ಮಾತು ಹುಡುಕಿ ಜೋಡಿಸುತ್ತಾ, "ನಿಮ್ಮ ಫೋನಿನ ಹೊಸ ಬೀಗದ ನಂಬರ್ ಏನು?"

ಕನ್ನಡ! ಮೂರು ವರ್ಷದಲ್ಲಿ ಮೊದಲ ವಾಕ್ಯ, ಒಂದು ತಪ್ಪಿಲ್ಲ! ಸುಮಿತ್ರ ಬಾಯಿಗೆ ಸೆರಗು ಇಟ್ಟುಕೊಂಡಳು. ನನ್ನ ಎದೆ ತುಂಬಿ ಬಂತು. ಇಂಥ ಮಗು ಇಷ್ಟು ಚೆಂದದ ಕನ್ನಡದಲ್ಲಿ ಬಾಯಿ ತೆರೆದು ಕೇಳಿದ ಮೇಲೆ ಉತ್ತರ ಕೊಡದೆ ಇರಲು ಹೇಗಾಗುತ್ತದೆ?

"ಎಂಟು..." ಎಂದು ಶುರು ಮಾಡಿದೆ.

"ಹೇಳಬೇಡಿ ತಾತಾ!"

ಹದಿನೈದು ಮಕ್ಕಳೂ ಒಟ್ಟಿಗೆ ಕೂಗಿದರು. ಅಚ್ಚ ಕನ್ನಡದಲ್ಲಿ. ಗೋಡೆಯ ಮೇಲಿನ ಕ್ಯಾಲೆಂಡರು ಅಲುಗಿತು. ನನ್ನ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು.

ಸುಮಿತ್ರ ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. "ಒಂಬತ್ತು ವರ್ಷ ಪಾಠ ಹೇಳ್ದೆ, ಒಂದು ಮಾತು ಹೊರಡ್ಲಿಲ್ಲ," ಎಂದಳು ಕಣ್ಣೊರೆಸಿಕೊಳ್ಳುತ್ತಾ. "ನಿಮ್ಮ ದಡ್ಡತನಾನೇ ಪಠ್ಯಪುಸ್ತಕ ಅಂತ ಮೊದ್ಲೇ ಗೊತ್ತಾಗಿದ್ದಿದ್ರೆ ಎಷ್ಟು ಚಾಕ್‌ಪೀಸ್ ಉಳೀತಿತ್ತೋ."

ಏಳು ದಿನ ಕಳೆದ ಮೇಲೆ ವಾಟ್ಸಾಪ್ ಮರಳಿ ಬಂತು, ಎರಡನೆಯ ಬೀಗವೂ ಬಿತ್ತು. ಕಯಲ್ ಈಗ ಬಂದಕೂಡಲೇ "ತಾತ, ಯಾರಾದರೂ ಫೋನ್ ಮಾಡಿದರಾ?" ಎಂದು ಕನ್ನಡದಲ್ಲೇ ನನ್ನ ವಿಚಾರಣೆ ನಡೆಸುತ್ತಾಳೆ. ಇನ್ನು ಆ ದಿನದ ನಂಬರು. ಮೊದಲ ಅಂಕಿ ತುಂಬಿದ ಸಭೆಯಲ್ಲಿ ಹೊರಬಿದ್ದ ಕಾರಣ ನಿಯಮದ ಪ್ರಕಾರ ಅದಕ್ಕೆ ಗೀಟು ಹೊಡೆದು ರದ್ದು ಮಾಡಲಾಯಿತು. ನನ್ನ ಫೋನಿಗೆ ಹೊಸ ನಂಬರನ್ನು ಸುಮಿತ್ರ ಹಾಕಿದ್ದಾಳೆ. ಭದ್ರತೆಯ ದೃಷ್ಟಿಯಿಂದ ನನಗೆ ಹೇಳಿಲ್ಲ.